ಸ್ಟೀಫನ್ ಕರ್ರಿ ಕಾಲೇಜು ಆಟದಿಂದ ನಮ್ಮ ಬಳ್ಳಾರಿ ಹುಡುಗರು ಏನು ತಗೋಬೇಕು?

ಹಳೇ ಪಾಯಿಂಟ್ ಗಾರ್ಡ್, ಬಳ್ಳಾರಿ

ಎಲ್ಲರಿಗೂ ನಮಸ್ಕಾರ. ಬೆಳಗ್ಗೆ ಐದೂವರೆಗೆ ನಮ್ಮ ಕೋರ್ಟಿಗೆ ಬರುವ ಹುಡುಗರಲ್ಲಿ ಒಬ್ಬ ಮೊನ್ನೆ ಶೂ ಬಿಚ್ಚುತ್ತಾ ಹೇಳಿದ: "ಅಣ್ಣಾ, ನಾನು ಡಿಗ್ರಿಗೆ ಸೇರೋದಿಲ್ಲ. ಎರಡು ವರ್ಷ ಪೂರ್ತಿ ಬಾಸ್ಕೆಟ್‌ಬಾಲ್ ಆಡ್ತೀನಿ. ಕರ್ರಿನೂ ಡಿಗ್ರಿ ಮುಗಿಸದೆ ಹೋದವನೇ ಅಲ್ವಾ?" ಸೆಕೆಂಡ್ ಪಿಯುಸಿ ಈಗಷ್ಟೇ ಪಾಸಾಗಿದ್ದಾನೆ. ಕೈ ಚೆನ್ನಾಗಿದೆ. ನಾನು ಆಗ ಏನೂ ಹೇಳಲಿಲ್ಲ. ಮನೆಗೆ ಬಂದ ಮೇಲೂ ಅದೇ ಮಾತು ತಲೆಯಲ್ಲಿ ಕೊರೆಯುತ್ತಿದೆ. ಅದಕ್ಕೇ ಇಲ್ಲಿ ಬರೆಯುತ್ತಿದ್ದೇನೆ.

ಹುಡುಗ ಹೇಳಿದ್ದು ಅರ್ಧ ನಿಜ. ಅಮೆರಿಕದ ಬಾಸ್ಕೆಟ್‌ಬಾಲ್ ತಾರೆ ಕರ್ರಿ 2009ರಲ್ಲಿ ಮೂರನೇ ವರ್ಷ ಮುಗಿಸಿ ಡೇವಿಡ್ಸನ್ ಕಾಲೇಜು ಬಿಟ್ಟ. ಅದೇ ವರ್ಷದ ಡ್ರಾಫ್ಟ್‌ನಲ್ಲಿ (ಅಮೆರಿಕದ ಪ್ರೊಫೆಷನಲ್ ಲೀಗ್ ಎನ್‌ಬಿಎ ತಂಡಗಳು ಹೊಸ ಹುಡುಗರನ್ನು ಸರದಿಯಲ್ಲಿ ಆರಿಸಿಕೊಳ್ಳುವುದು) ಗೋಲ್ಡನ್ ಸ್ಟೇಟ್ ವಾರಿಯರ್ಸ್ ಅವನನ್ನು 7ನೇ ಆಯ್ಕೆಯಾಗಿ ತೆಗೆದುಕೊಂಡಿತು. ಆದರೆ ಆ ಮೂರು ವರ್ಷ ಅವನು ಏನು ಮಾಡಿದ ಅನ್ನೋದನ್ನು ನಮ್ಮ ಹುಡುಗರು ನೋಡೋದೇ ಇಲ್ಲ. ಅವರಿಗೆ ಸಿಗುವುದು ಮೂವತ್ತು ಸೆಕೆಂಡಿನ ರೀಲ್ಸ್. ಅರ್ಧ ಕೋರ್ಟಿನಿಂದ ಎಸೆದ, ಬಾಲ್ ಬೀಳುವ ಮೊದಲೇ ತಿರುಗಿ ಓಡಿದ, ಅಷ್ಟೇ.

ಅಪ್ಪ ಡೆಲ್ ಕರ್ರಿ 16 ಸೀಸನ್ ಎನ್‌ಬಿಎ ಆಡಿದವರು. ಅಷ್ಟಿದ್ದೂ ಮಗನಿಗೆ ದೊಡ್ಡ ಕಾಲೇಜು ಸಿಗಲಿಲ್ಲ. ಅಪ್ಪ ಅಮ್ಮ ಓದಿದ ವರ್ಜೀನಿಯಾ ಟೆಕ್ ಕೂಡ ಸ್ಕಾಲರ್‌ಶಿಪ್ ಕೊಡಲಿಲ್ಲ. ಹುಡುಗ ಸಣಕಲು, ಕುಳ್ಳ ಅಂತ ಎಲ್ಲರ ಲೆಕ್ಕ. ಕರೆದಿದ್ದು ಉತ್ತರ ಕ್ಯಾರೊಲಿನಾದ ಡೇವಿಡ್ಸನ್. ಅಲ್ಲಿ ಎರಡು ಸಾವಿರ ವಿದ್ಯಾರ್ಥಿಗಳೂ ಇರಲಿಲ್ಲ. ನಮ್ಮೂರಿನ ಎಷ್ಟೋ ಕಾಲೇಜುಗಳಲ್ಲಿ ಅದಕ್ಕಿಂತ ಜಾಸ್ತಿ ಜನ ಓದುತ್ತಾರೆ.

2006ರಲ್ಲಿ ಮೊದಲ ಮ್ಯಾಚ್, ಈಸ್ಟರ್ನ್ ಮಿಷಿಗನ್ ವಿರುದ್ಧ. 15 ಪಾಯಿಂಟ್ ಹೊಡೆದ, ನಿಜ. ಆದರೆ 13 ಟರ್ನೋವರ್. ಒಂದೇ ಮ್ಯಾಚಿನಲ್ಲಿ 13 ಸಲ ಬಾಲ್ ಕಳೆದುಕೊಂಡ! ನಮ್ಮಲ್ಲಾದರೆ ಐದನೆಯದಕ್ಕೇ "ಏ ಬಾರೋ ಹೊರಗೆ" ಅಂತ ಕೂಗು ಬರುತ್ತೆ, ಆಮೇಲೆ ಟೂರ್ನಮೆಂಟ್ ಮುಗಿಯೋವರೆಗೂ ಬೆಂಚು. ಕೋಚ್ ಬಾಬ್ ಮೆಕಿಲಪ್ ಅವನನ್ನು ಬೆಂಚಿಗೆ ಹಾಕಲಿಲ್ಲ. ಮುಂದಿನ ಮ್ಯಾಚ್ ಮಿಷಿಗನ್ ಮೇಲೆ. ಕರ್ರಿ ಹೊಡೆದದ್ದು 32 ಪಾಯಿಂಟ್.

ನನ್ನ ಪ್ರಕಾರ ಅವನ ಇಡೀ ಕರಿಯರ್ ಆ ಎರಡು ಮ್ಯಾಚಿನ ನಡುವೆ ನಿಂತಿದೆ. ಹದಿನೆಂಟು ವರ್ಷದ ಹುಡುಗ ತಪ್ಪು ಮಾಡಿದ, ಆದರೂ ಮತ್ತೆ ಆಡಿಸಿದರು. ಹಾಗೆ ಆಡಿಸುವ ಜಾಗ ಅವನಿಗೆ ಕಾಲೇಜಿನಲ್ಲಿ ಸಿಕ್ಕಿತು. ನಮ್ಮ ಹುಡುಗ ಕಾಲೇಜೇ ಬಿಟ್ಟರೆ ಅಂಥ ಮ್ಯಾಚುಗಳು ಎಲ್ಲಿ ಸಿಗುತ್ತವೆ? ಅವನಿಗೆ ಹೇಗೆ ಹೇಳಲಿ? ಅನುಭವ ಇರುವವರು ಬರೆಯಿರಿ.

ಸಂಡೂರು ಹುಡುಗ

ಅಣ್ಣಾ, ಒಳ್ಳೆ ವಿಷಯ ಎತ್ತಿದಿರಿ. ನಾನು ಕರ್ರಿಯ ಹಳೆಯ ಕಾಲೇಜು ಮ್ಯಾಚುಗಳನ್ನು ಪೂರ್ತಿ ಕೂತು ನೋಡಿದ್ದೇನೆ. ನೈಟ್ ಶಿಫ್ಟ್ ಮುಗಿಸಿ ಬಂದು ನಿದ್ದೆ ಬಿಟ್ಟು ನೋಡಿದ್ದು.

2008ರ ಎನ್‌ಸಿಎಎ, ಅಂದರೆ ಅಮೆರಿಕದ ಕಾಲೇಜು ತಂಡಗಳ ಟೂರ್ನಮೆಂಟ್ ಇದೆಯಲ್ಲ, ಅದು ನೋಡಲೇಬೇಕು. ಗೊನ್ಝಾಗಾ ಮೇಲೆ 40 ಪಾಯಿಂಟ್. ಜಾರ್ಜ್‌ಟೌನ್ ಮೇಲೆ 17 ಪಾಯಿಂಟ್ ಹಿಂದೆ ಬಿದ್ದು ಗೆದ್ದರು, ಅದರಲ್ಲಿ ಇವನದು 30. ವಿಸ್ಕಾನ್ಸಿನ್ ಮೇಲೆ 33. ಆ ಮ್ಯಾಚ್ ನೋಡೋಕೆ ಎನ್‌ಬಿಎ ತಾರೆ ಲೆಬ್ರಾನ್ ಜೇಮ್ಸ್ ಬಂದು ಕೂತಿದ್ದ. ಡೇವಿಡ್ಸನ್ ಆಡಳಿತ ಮಂಡಳಿಯವರು ತಮ್ಮ ವಿದ್ಯಾರ್ಥಿಗಳಿಗೆ ಡೆಟ್ರಾಯಿಟ್‌ಗೆ ಹೋಗಿ ಮ್ಯಾಚ್ ನೋಡಲು ಬಸ್ಸು, ಟಿಕೆಟ್, ಉಳಿಯುವ ವ್ಯವಸ್ಥೆ ಎಲ್ಲ ಮಾಡಿಕೊಟ್ಟರು. ಓದಿ ಕಣ್ಣಲ್ಲಿ ನೀರು ಬಂತು. ನಮ್ಮ ಕಾಲೇಜು ಟೀಮ್ ಫೈನಲ್ ಆಡಿದ ದಿನ ನೋಡೋಕೆ ಇದ್ದದ್ದು ನಾವು ಒಂಬತ್ತು ಜನ.

ಕೊನೆಗೆ ಕ್ಯಾನ್ಸಾಸ್ ಮೇಲೆ 59–57ರಲ್ಲಿ ಸೋತರು. ಕೊನೆಯ ಬಾಲ್ ಕರ್ರಿ ಕೈಯಲ್ಲೇ ಇತ್ತು. ಇಬ್ಬರು ಮೇಲೆ ಬಿದ್ದರು. ಅವನು ಎಸೆಯಲಿಲ್ಲ, ಖಾಲಿ ಇದ್ದ ಜೇಸನ್ ರಿಚರ್ಡ್ಸ್‌ಗೆ ಪಾಸ್ ಕೊಟ್ಟ. ಆ ಶಾಟ್ ಬೀಳಲಿಲ್ಲ. ಕ್ಯಾನ್ಸಾಸ್ ಆ ವರ್ಷ ಚಾಂಪಿಯನ್ ಆಯಿತು. ಸೋತರೂ ಆ ಪಾಸ್ ಸರಿ ಅಂತ ನಾನು ಇವತ್ತಿಗೂ ಹೇಳುತ್ತೇನೆ.

ಇನ್ನೊಂದು ಮ್ಯಾಚ್ ಬಗ್ಗೆ ಯಾರೂ ಮಾತಾಡೋದಿಲ್ಲ. 2008ರ ನವೆಂಬರ್, ಲೊಯೋಲಾ ವಿರುದ್ಧ. ಅವರ ಕೋಚ್ ಇಡೀ ಮ್ಯಾಚ್ ಕರ್ರಿ ಹಿಂದೆ ಇಬ್ಬಿಬ್ಬರನ್ನು ಬಿಟ್ಟರು. ಕರ್ರಿ ಏನು ಮಾಡಿದ ಗೊತ್ತಾ? ಹೋಗಿ ಮೂಲೆಯಲ್ಲಿ ನಿಂತ. ಇಬ್ಬರೂ ಅವನ ಜೊತೆ ಮೂಲೆಯಲ್ಲೇ ನಿಂತರು. ಈ ಕಡೆ ನಾಲ್ಕು ಜನಕ್ಕೆ ಮೂರೇ ಜನ. ಡೇವಿಡ್ಸನ್ 78–48ರಲ್ಲಿ ಗೆದ್ದಿತು. ಕರ್ರಿಯದು ಸೊನ್ನೆ. ಆ ಸೀಸನ್‌ನಲ್ಲಿ ಇಡೀ ಅಮೆರಿಕದಲ್ಲಿ ಅತಿ ಹೆಚ್ಚು ಸರಾಸರಿ, ಮ್ಯಾಚಿಗೆ 28.6 ಪಾಯಿಂಟ್ ಹೊಡೆದವನು ಅವತ್ತು ಸೊನ್ನೆ! ನಮ್ಮ ಕೋರ್ಟಿನಲ್ಲಿ ಎರಡು ಸಲ ಪಾಸ್ ಬರದಿದ್ದರೆ ಮುಖ ಊದಿಸಿಕೊಳ್ಳುವ ಹುಡುಗರಿಗೆ ಈ ಮ್ಯಾಚ್ ತೋರಿಸಬೇಕು.

ಸತ್ಯನಾರಾಯಣಪೇಟೆ ಅಮ್ಮ

ನನಗೆ ಆಟದ ಲೆಕ್ಕ ಅಷ್ಟು ಗೊತ್ತಾಗೋದಿಲ್ಲ. ನನ್ನ ಮಗಳು ಹತ್ತನೇ ಕ್ಲಾಸು, ಸ್ಕೂಲ್ ಟೀಮಿನಲ್ಲಿ ಆಡುತ್ತಾಳೆ. ನೇರವಾಗಿ ಕೇಳುತ್ತೇನೆ, ತಪ್ಪು ತಿಳಿಯಬೇಡಿ. ಆಡಿ ಆಮೇಲೆ ಏನು? ಅಮೆರಿಕದಲ್ಲಿ ಕೋಟಿಗಟ್ಟಲೆ ಕೊಡುತ್ತಾರೆ, ಸರಿ. ಇಲ್ಲಿ ಮಂಡಿ ನೋವು ಬಂದರೆ ಆಸ್ಪತ್ರೆ ಖರ್ಚೂ ನಮ್ಮದೇ. ನಮ್ಮ ಮನೆಯವರು ದಿನಾ ಇದೇ ಕೇಳುತ್ತಾರೆ, ನನ್ನ ಹತ್ತಿರ ಉತ್ತರ ಇಲ್ಲ. ಆದರೆ ಅವಳು ಆಡಿ ಬಂದ ದಿನ ಎರಡು ರೊಟ್ಟಿ ಜಾಸ್ತಿ ತಿಂದು, ನಗುನಗುತ್ತಾ ಓದೋಕೆ ಕೂರುತ್ತಾಳೆ. ಅದನ್ನು ನಿಲ್ಲಿಸೋಕೂ ಮನಸ್ಸಿಲ್ಲ.

ರೈಲ್ವೆ ಕ್ವಾರ್ಟರ್ಸ್

ಅಕ್ಕಾ, ನಿಮ್ಮ ಪ್ರಶ್ನೆಯೇ ಎಲ್ಲಕ್ಕಿಂತ ಮುಖ್ಯ. ನಾನು ಸ್ಪೋರ್ಟ್ಸ್ ಕೋಟಾದಲ್ಲಿ ಕೆಲಸಕ್ಕೆ ಬಂದವನು, ಅದಕ್ಕೇ ಉತ್ತರ ಕೊಡುತ್ತೇನೆ.

ನಮ್ಮ ದೇಶದಲ್ಲಿ ಬಾಸ್ಕೆಟ್‌ಬಾಲ್ ಪ್ರೊಫೆಷನಲ್ ಅಂದರೆ ಇವತ್ತಿಗೂ ಬಹುಪಾಲು ಕೆಲಸವೇ. ರೈಲ್ವೆ, ಪೊಲೀಸ್, ಸೇನೆ, ಬ್ಯಾಂಕು, ಇನ್‌ಕಮ್ ಟ್ಯಾಕ್ಸ್. ಆಫೀಸಿನಲ್ಲಿ ಹೆಸರು, ಕೋರ್ಟಿನಲ್ಲಿ ಆಟ, ತಿಂಗಳಿಗೆ ಸಂಬಳ. ಹೆಂಗಸರ ನ್ಯಾಷನಲ್ಸ್‌ನಲ್ಲಿ ಇಂಡಿಯನ್ ರೈಲ್ವೇಸ್ ಎಷ್ಟು ಸಲ ಗೆದ್ದಿದೆ ನೋಡಿ. ಆ ಹುಡುಗಿಯರೆಲ್ಲ ಸಂಬಳ ತಗೊಂಡು ಆಡುವವರು. ಲೀಗ್‌ಗಳೂ ಬಂದಿವೆ, ಇಲ್ಲ ಅಂತ ಅಲ್ಲ. 2015ರಲ್ಲಿ ಯುಬಿಎ ಶುರುವಾಗಿ ಒಂದೆರಡು ವರ್ಷದಲ್ಲೇ ನಿಂತಿತು. ಆಮೇಲೆ ಐಎನ್‌ಬಿಎಲ್ ಬಂತು, ಅದರಲ್ಲಿ ಬೆಂಗಳೂರು ತಂಡವೂ ಇತ್ತು. ಆದರೆ ಒಂದು ಲೀಗ್ ನಂಬಿ ಮನೆ ನಡೆಸೋ ಕಾಲ ಇನ್ನೂ ಬಂದಿಲ್ಲ.

ಈಗ ಆ ಹುಡುಗನಿಗೆ. ತಮ್ಮಾ, ನೀನು ಇದನ್ನು ಓದುತ್ತಿದ್ದರೆ ಗಮನ ಇಟ್ಟು ಕೇಳು. ಇಂಟರ್ ಯೂನಿವರ್ಸಿಟಿ ಆಡಬೇಕಾದರೆ ಯೂನಿವರ್ಸಿಟಿ ವಿದ್ಯಾರ್ಥಿ ಆಗಿರಲೇಬೇಕು. ವಯಸ್ಸು 25 ದಾಟಿರಬಾರದು. ಬಳ್ಳಾರಿಯ ಯಾವುದೇ ಡಿಗ್ರಿ ಕಾಲೇಜಿಗೆ ಸೇರಿದರೂ ವಿಜಯನಗರ ಶ್ರೀಕೃಷ್ಣದೇವರಾಯ ವಿಶ್ವವಿದ್ಯಾಲಯದ ಸೆಲೆಕ್ಷನ್‌ಗೆ ಹೋಗಬಹುದು. ಸೆಲೆಕ್ಟ್ ಆದರೆ ಸೌತ್ ಜೋನ್, ಅಂದರೆ ದಕ್ಷಿಣದ ಯೂನಿವರ್ಸಿಟಿಗಳ ಟೂರ್ನಮೆಂಟ್. ಅಲ್ಲಿ ತಮಿಳುನಾಡು, ಕೇರಳದ ಹುಡುಗರ ಎದುರು ಆಡುತ್ತೀಯ. ಮೊದಲ ಮ್ಯಾಚಲ್ಲಿ 40 ಪಾಯಿಂಟ್‌ನಿಂದ ಸೋಲಬಹುದು, ನಾವೂ ಸೋತಿದ್ದೇವೆ. ಆದರೆ ಕೆಲಸ ಕೊಡುವ ಕೋಚ್‌ಗಳು ಬಂದು ಕೂರುವುದು ಅಂಥ ಕಡೆಯೇ. ಡಿಗ್ರಿ ಬಿಟ್ಟರೆ ಆ ಬಾಗಿಲನ್ನು ನೀನೇ ಹಾಕಿಕೊಂಡ ಹಾಗೆ. ನನ್ನನ್ನು ನೋಡಿದ್ದು ಸೌತ್ ಜೋನ್‌ನ ಎರಡನೇ ಮ್ಯಾಚಲ್ಲಿ. ನಾವು ಅವತ್ತು ಸೋತಿದ್ದೆವು.

ಬಾಸ್ಕೆಟ್ ಅಕ್ಕ, ಕೊಪ್ಪಳ

ಹಳೇ ಪಾಯಿಂಟ್ ಗಾರ್ಡ್ ಅಣ್ಣನ ಮಾತು ಅರ್ಧಕ್ಕೆ ಮಾತ್ರ ಒಪ್ಪುತ್ತೇನೆ.

ಅಲ್ಲಿ ಕಾಲೇಜು ಅಂದರೆ ಒಳಾಂಗಣ ಕೋರ್ಟು, ಫಿಸಿಯೋ, ಊಟ, ಟ್ಯೂಷನ್, ಮೂವತ್ತಕ್ಕೂ ಹೆಚ್ಚು ಮ್ಯಾಚು. ಇಲ್ಲಿ ಕಾಲೇಜು ಅಂದರೆ ಅಟೆಂಡೆನ್ಸ್. ನಾನು ಡಿಗ್ರಿ ಎರಡನೇ ವರ್ಷದಲ್ಲಿದ್ದಾಗ ಸ್ಟೇಟ್ ಕ್ಯಾಂಪಿಗೆ ಹದಿನೆಂಟು ದಿನ ಹೋಗಿದ್ದೆ. ಬಂದ ಮೇಲೆ ಶಾರ್ಟೇಜ್ ಅಂತ ಪರೀಕ್ಷೆಗೆ ಕೂರಿಸಲಿಲ್ಲ. ಕ್ಯಾಂಪಿನ ಲೆಟರ್ ಕೊಟ್ಟೆ. "ಇದನ್ನು ಯಾರು ಕೇಳಿದರು" ಅಂದರು. ಅಪ್ಪ ಕೈಕಟ್ಟಿ ಆಫೀಸಿನ ಹೊರಗೆ ನಿಂತಿದ್ದರು. ಆ ವರ್ಷ ನಾನು ಆಟ ಬಿಡುವುದರಲ್ಲಿದ್ದೆ. ಹಾಗಾಗಿ ಡಿಗ್ರಿ ಬೇಡ ಅನ್ನುವ ಹುಡುಗನ ಮೇಲೆ ನನಗೆ ಸಿಟ್ಟು ಬರೋದಿಲ್ಲ. ಅವನ ಭಯಕ್ಕೆ ಕಾರಣ ಇದೆ.

ಆದರೂ ಬಿಡು ಅಂತ ನಾನು ಹೇಳೋದಿಲ್ಲ. ಸೇರುವ ಮೊದಲೇ ಹೋಗಿ ಪ್ರಿನ್ಸಿಪಾಲರನ್ನು ಕೇಳಬೇಕು: ಟೂರ್ನಮೆಂಟಿಗೆ ಹೋದ ದಿನಕ್ಕೆ ಆನ್ ಡ್ಯೂಟಿ (ಓ.ಡಿ.) ಅಂತ ಹಾಜರಿ ಕೊಡುತ್ತೀರಾ, ಟೆಸ್ಟ್ ಮತ್ತೆ ಬರೆಸುತ್ತೀರಾ, ಟಿಎ ಡಿಎ ಯಾರು ಕೊಡುತ್ತಾರೆ, ಪಿ.ಇ. ಸರ್ ಇದ್ದಾರಾ. ಹೂಂ ಅಂದ ಕಡೆ ಸೇರು. ಹೆಸರು ದೊಡ್ಡದಿರುವ ಕಾಲೇಜು ಬೇಡ. ಕರ್ರಿಯಿಂದ ತಗೋಬೇಕಾದ್ದು ಇದೇ ಅಂತ ನನಗೆ ಅನ್ನಿಸುತ್ತೆ.

ಸತ್ಯನಾರಾಯಣಪೇಟೆ ಅಮ್ಮಾ, ನಿಮ್ಮ ಮಗಳಿಗೆ ಕೇಟ್ಲಿನ್ ಕ್ಲಾರ್ಕ್ ಬಗ್ಗೆ ಹೇಳಿ. ಅವಳು ಅಯೋವಾದವಳು, ಅಯೋವಾ ಯೂನಿವರ್ಸಿಟಿಯಲ್ಲೇ ನಾಲ್ಕು ವರ್ಷವೂ ಆಡಿದಳು. 3,951 ಪಾಯಿಂಟ್. ಎನ್‌ಸಿಎಎ ಮೊದಲ ಡಿವಿಷನ್‌ನಲ್ಲಿ ಗಂಡಸು ಹೆಂಗಸು ಯಾರೂ ಅಷ್ಟು ಹೊಡೆದಿಲ್ಲ. 2024ರಲ್ಲಿ ಅಲ್ಲಿನ ಹೆಂಗಸರ ಲೀಗ್ ಡಬ್ಲ್ಯುಎನ್‌ಬಿಎ ಡ್ರಾಫ್ಟ್‌ನಲ್ಲಿ ಮೊದಲ ಆಯ್ಕೆ, ಇಂಡಿಯಾನಾ ಫೀವರ್. ಮೊದಲ ವರ್ಷದ ಸಂಬಳ 76,535 ಡಾಲರ್. ಗಂಡಸರ ಲೀಗಿಗೆ ಹೋಲಿಸಿದರೆ ತೀರಾ ಕಡಿಮೆ, ಅದು ಅನ್ಯಾಯವೇ. ಆದರೆ ಅವಳ ಕಾಲೇಜಿನ ಕೊನೆಯ ಫೈನಲ್ ಅನ್ನು ಟಿವಿಯಲ್ಲಿ ಸುಮಾರು 1.89 ಕೋಟಿ ಜನ ನೋಡಿದರು. ಹೆಣ್ಣುಮಕ್ಕಳ ಆಟ ಯಾರು ನೋಡುತ್ತಾರೆ ಅನ್ನುವವರಿಗೆ ಈ ಸಂಖ್ಯೆ ಹೇಳಿ.

ಕೌಲ್ ಬಜಾರ್ 30

ನಾನೇ ಆ ಹುಡುಗ. ಅಣ್ಣ ಲಿಂಕ್ ಕಳಿಸಿದರು. ಎಲ್ಲಾ ಓದಿದೆ.

ಅಪ್ಪ ಜೀನ್ಸ್ ಯೂನಿಟ್‌ನಲ್ಲಿ ಹೊಲಿಗೆ ಕೆಲಸ ಮಾಡುತ್ತಾರೆ. ಮೂರು ವರ್ಷ ಬಿ.ಕಾಂ ಓದಿ ಆಟವೂ ಹೋಗಿ, ಕೆಲಸವೂ ಸಿಗದಿದ್ದರೆ ಅನ್ನೋ ಭಯ ನನಗೆ. ಅಕ್ಕ ಹೇಳಿದ ಹಾಗೆ ಕಾಲೇಜಿಗೆ ಹೋಗಿ ಕೇಳಬಹುದು ಅಂತಾನೇ ಗೊತ್ತಿರಲಿಲ್ಲ. ಅವರು ಹೇಳಿದ ಫೀಸ್ ಕಟ್ಟಿ ಸೇರೋದು ಅಷ್ಟೇ ಅಂದುಕೊಂಡಿದ್ದೆ.

ಒಂದು ಕೇಳಬೇಕು. ನಮ್ಮ ಕೋರ್ಟಿನಲ್ಲಿ ನಾನು ಹತ್ತಕ್ಕೆ ಆರು ತ್ರೀ (ದೂರದ ಗೆರೆಯ ಹೊರಗಿಂದ ಹಾಕುವ ಮೂರು ಪಾಯಿಂಟಿನ ಶಾಟ್) ಹಾಕುತ್ತೇನೆ. ಹೋದ ತಿಂಗಳು ಬೆಂಗಳೂರಿನ ಸೆಲೆಕ್ಷನ್‌ಗೆ ಹೋದಾಗ ಹತ್ತಕ್ಕೆ ಒಂದೂ ಬೀಳಲಿಲ್ಲ. ಎಲ್ಲಾ ರಿಂಗಿನ ಮುಂದಿನ ಅಂಚಿಗೆ ತಾಗಿ ವಾಪಸ್ ಬರುತ್ತಿತ್ತು. ಅವತ್ತೇ ಅನ್ನಿಸಿದ್ದು, ಪೂರ್ತಿ ಟೈಮ್ ಆಡದಿದ್ದರೆ ಆಗೋದಿಲ್ಲ ಅಂತ. ಹೆದರಿದ್ದಕ್ಕೆ ಹಾಗಾಯಿತಾ?

ಹಳೇ ಪಾಯಿಂಟ್ ಗಾರ್ಡ್, ಬಳ್ಳಾರಿ

ತಮ್ಮಾ, ಇದನ್ನು ನನಗೆ ಅವತ್ತೇ ಯಾಕೆ ಹೇಳಲಿಲ್ಲ? ನಿನ್ನ ಮೆಸೇಜ್ ಓದಿದ ಕೂಡಲೇ ಟೇಪ್ ತಗೊಂಡು ಕೋರ್ಟಿಗೆ ಹೋದೆ. ಬಿಸಿಲಿಗೆ ಸಿಮೆಂಟ್ ಕಾದು, ಮಂಡಿ ಊರೋಕೂ ಆಗಲಿಲ್ಲ. ಚಪ್ಪಲಿ ಮೇಲೆ ಕುಕ್ಕರುಗಾಲಲ್ಲಿ ಕೂತು ಅಳೆದೆ. ನಮ್ಮ ತ್ರೀ ಪಾಯಿಂಟ್ ಗೆರೆ 6.25 ಮೀಟರ್‌ಗೆ ಇದೆ. ಅದು ಹಳೆಯ ಅಳತೆ. ಅಂತರರಾಷ್ಟ್ರೀಯ ಬಾಸ್ಕೆಟ್‌ಬಾಲ್ ಸಂಸ್ಥೆ ಫಿಬಾ 2010ರಲ್ಲೇ ಅದನ್ನು 6.75 ಮಾಡಿದೆ. ನಾವು ಆಡುವಾಗ ಬಳಿದ ಬಿಳಿ ಬಣ್ಣ ಅದು, ಅದರ ಮೇಲೇ ಮತ್ತೆ ಮತ್ತೆ ಬಳಿಯುತ್ತಾ ಬಂದಿದ್ದೇವೆ. ಇಷ್ಟು ವರ್ಷ ನಾನು ನಿಮ್ಮನ್ನೆಲ್ಲ ಅರ್ಧ ಮೀಟರ್ ಒಳಗೆ ನಿಲ್ಲಿಸಿ ಎಸೆಸಿದ್ದೇನೆ. ಬೆಂಗಳೂರಿನಲ್ಲಿ ಗೆರೆ ಹಿಂದಿತ್ತು, ನಿನ್ನ ಕೈಗೆ ಹಳೆಯ ದೂರವೇ ಅಭ್ಯಾಸ. ಅದಕ್ಕೇ ಬಾಲ್ ಮುಂದಿನ ಅಂಚಿಗೆ ತಾಗಿದ್ದು. ತಪ್ಪು ನನ್ನದು. ಕ್ಷಮಿಸು.

ಇದು ಕರ್ರಿಗೂ ಆಗಿತ್ತು. 2008–09ರಲ್ಲಿ ಅಮೆರಿಕದ ಕಾಲೇಜು ಆಟದಲ್ಲಿ ಗಂಡಸರ ಗೆರೆಯನ್ನು ಒಂದು ಅಡಿ ಹಿಂದಕ್ಕೆ ಹಾಕಿದರು. ಅದೇ ವರ್ಷ ಅವನಿಗೆ ಬಾಲ್ ತಂದು ಆಟ ನಡೆಸುವ ಪಾಯಿಂಟ್ ಗಾರ್ಡ್ ಜವಾಬ್ದಾರಿಯೂ ಬಂತು. ಹಿಂದಿನ ವರ್ಷ ನೂರಕ್ಕೆ 43.9 ತ್ರೀ ಹಾಕುತ್ತಿದ್ದವನು 38.7ಕ್ಕೆ ಇಳಿದ. ಆಮೇಲೆ ಎನ್‌ಬಿಎ, ಅಲ್ಲಿ ಗೆರೆ ಇನ್ನೂ ಹಿಂದೆ, 23 ಅಡಿ 9 ಇಂಚು. ಅಲ್ಲಿ 2015–16ರಲ್ಲಿ ಒಂದೇ ಸೀಸನ್‌ಗೆ 402 ತ್ರೀ ಹಾಕಿದ. 2021ರ ಡಿಸೆಂಬರ್‌ನಲ್ಲಿ ರೇ ಆಲನ್‌ನ 2,973 ದಾಟಿದ.

ಇನ್ನೊಂದು ನೆನಪಿಸುತ್ತೇನೆ. ಹೈಸ್ಕೂಲಿನಲ್ಲಿದ್ದಾಗ ಅವನು ಸೊಂಟದ ಹತ್ತಿರದಿಂದ ಬಾಲ್ ಎಸೆಯುತ್ತಿದ್ದ. ಹೀಗಾದರೆ ಎತ್ತರದವರು ತಡೆಯುತ್ತಾರೆ ಅಂತ ಅಪ್ಪ ಒಂದು ಬೇಸಿಗೆ ಪೂರ್ತಿ ಕೂತು ಶಾಟ್ ಬದಲಿಸಿದರು. ಬಾಲ್ ತಲೆಯ ಮೇಲಿನಿಂದ ಬಿಡಬೇಕು. ವಾರಗಟ್ಟಲೆ ರಿಂಗಿನ ಹತ್ತಿರದಿಂದಲ್ಲದೆ ದೂರದಿಂದ ಎಸೆಯೋಕೇ ಆಗುತ್ತಿರಲಿಲ್ಲ. ಅಳುತ್ತಿದ್ದನಂತೆ. ಅದು ನಿನ್ನ ವಯಸ್ಸಿಗಿಂತ ಚಿಕ್ಕ ವಯಸ್ಸು. ನಿನಗೆ ಬದಲಿಸಬೇಕಾದ್ದು ಬರೀ ಅರ್ಧ ಮೀಟರ್.

ಡಿಗ್ರಿ ವಿಷಯಕ್ಕೆ ಬಂದರೆ, ಕರ್ರಿ ಬಿಟ್ಟ ಡಿಗ್ರಿ ಅಲ್ಲಿಗೇ ಮುಗಿಯಲಿಲ್ಲ. ಡೇವಿಡ್ಸನ್‌ನಲ್ಲಿ ಡಿಗ್ರಿ ಪಡೆದವರ ಜೆರ್ಸಿಯನ್ನು ಮಾತ್ರ ಗೌರವಕ್ಕೆ ಮೇಲೆ ಕಟ್ಟುತ್ತಾರೆ. ಎನ್‌ಬಿಎ ಮೂರು ಸಲ ಗೆದ್ದರೂ ಅವನ 30ನೇ ನಂಬರಿಗೆ ಅಲ್ಲಿ ಜಾಗ ಸಿಕ್ಕಿರಲಿಲ್ಲ. 2022ರಲ್ಲಿ ಬಾಕಿ ಪೇಪರುಗಳನ್ನು ಮುಗಿಸಿ ಸೋಷಿಯಾಲಜಿ ಡಿಗ್ರಿ ತಗೊಂಡ. ಅದೇ ಆಗಸ್ಟ್ 31ಕ್ಕೆ ಡಿಗ್ರಿ ಪ್ರದಾನ, ಜೆರ್ಸಿ ಗೌರವ ಎರಡೂ ಒಟ್ಟಿಗೆ ಆಯಿತು. ನೀನು ಇಲ್ಲಿ 30 ಅಂತ ಹೆಸರಿಟ್ಟುಕೊಂಡಿದ್ದೀಯಲ್ಲ, ಆ 30ರ ಕಥೆ ಇದು.

ಸಂಡೂರು ಹುಡುಗ

ತಮ್ಮಾ, ನನ್ನದೊಂದು ಮಾತು. ಕಾಲು ಹೊರಳಿದರೆ ಮರುದಿನವೇ ಆಡಬೇಡ. ಕರ್ರಿಯ ಬಲಗಾಲಿನ ಹರಡು 2011, 2012 ಎರಡು ವರ್ಷವೂ ಆಪರೇಷನ್ ಆಯಿತು. 2011–12ರಲ್ಲಿ ಆಡಿದ್ದು 26 ಮ್ಯಾಚ್ ಅಷ್ಟೇ. ಅವನ ಹಿಂದೆ ಡಾಕ್ಟರ್‌ಗಳ ತಂಡ ಇತ್ತು. ನಮ್ಮದು ಸಿಮೆಂಟ್ ಕೋರ್ಟು. ಶೂ ಸೋಲ್ ಸವೆದಿದ್ದರೆ ಹೇಳು, ನೋಡೋಣ.

ರೈಲ್ವೆ ಕ್ವಾರ್ಟರ್ಸ್

ಸತ್ನಾಮ್ ಸಿಂಗ್ ಹೆಸರನ್ನೂ ಇಲ್ಲಿ ಹೇಳಬೇಕು. ಪಂಜಾಬಿನ ಹಳ್ಳಿಯಿಂದ ಹೋದವರು, 7 ಅಡಿ 2 ಇಂಚು. 2015ರಲ್ಲಿ ಎನ್‌ಬಿಎಯ ಡಲ್ಲಾಸ್ ತಂಡ ಅವರನ್ನು 52ನೇ ಆಯ್ಕೆಯಾಗಿ ತಗೊಂಡಿತು. ಭಾರತದಲ್ಲಿ ಹುಟ್ಟಿ ಡ್ರಾಫ್ಟ್ ಆದ ಮೊದಲ ಆಟಗಾರ. ಅವತ್ತು ನಾವು ಕ್ವಾರ್ಟರ್ಸಿನಲ್ಲಿ ಪೇಡ ಹಂಚಿದ್ದೆವು. ಅವರು ಅಮೆರಿಕದ ಅಕಾಡೆಮಿಯಿಂದ ನೇರವಾಗಿ ಡ್ರಾಫ್ಟಿಗೆ ಹೋದರು, ನಡುವೆ ಕಾಲೇಜು ಆಟ ಆಡಲಿಲ್ಲ. ಎನ್‌ಬಿಎ ಮ್ಯಾಚಿನಲ್ಲಿ ಒಂದು ನಿಮಿಷವೂ ಸಿಗಲಿಲ್ಲ. ಅವರ ಮೇಲೆ ನನಗೆ ತುಂಬಾ ಗೌರವ ಇದೆ. ಇನ್ನೂ ಎರಡು ಮೂರು ವರ್ಷ ಕಾಲೇಜು ಮ್ಯಾಚು ಸಿಕ್ಕಿದ್ದರೆ ಅಂತ ಈಗಲೂ ಅನ್ನಿಸುತ್ತೆ.

ಕೌಲ್ ಬಜಾರ್ 30

ಅಪ್ಪನ ಜೊತೆ ಮಾತಾಡಿದೆ. ಸೋಮವಾರ ಇಬ್ಬರೂ ಎರಡು ಕಾಲೇಜಿಗೆ ಹೋಗಿ ಅಕ್ಕ ಬರೆದ ನಾಲ್ಕೂ ಪ್ರಶ್ನೆ ಕೇಳುತ್ತೇವೆ. ಚೀಟಿಯಲ್ಲಿ ಬರೆದಿಟ್ಟುಕೊಂಡಿದ್ದೇನೆ.

ಅಣ್ಣಾ, ಭಾನುವಾರ ಗೆರೆ ಬದಲಿಸೋಣವಾ? ಪೇಂಟ್‌ಗೆ ದುಡ್ಡು ಆಗೋವರೆಗೆ ಸುಣ್ಣದಲ್ಲಿ ಹಾಕೋಣ.

ಹಳೇ ಪಾಯಿಂಟ್ ಗಾರ್ಡ್, ಬಳ್ಳಾರಿ

ಆಗಲಿ. ಬಿಸಿಲೇರುವ ಮೊದಲೇ ಮುಗಿಸೋಣ, ಐದಕ್ಕೆ ಬನ್ನಿ. ಗೌಂಡಿಗಳು ಬಳಸುವ ತೂಕದ ಗುಂಡು ನಮ್ಮ ಮನೆಯಲ್ಲಿದೆ. ರಿಂಗಿನ ನಟ್ಟನಡುವಿನಿಂದ ಗುಂಡು ಇಳಿಬಿಟ್ಟು ನೆಲದಲ್ಲಿ ಗುರುತು ಹಾಕೋಣ. ಅಲ್ಲಿಂದ ಹಗ್ಗ 6.75 ಮೀಟರ್, ಗೆರೆಯ ಹೊರ ಅಂಚಿಗೆ. ಒಬ್ಬರು ಗುರುತಿನ ಮೇಲೆ ಹಗ್ಗ ಒತ್ತಿ ಹಿಡಿಯಬೇಕು, ಇನ್ನೊಬ್ಬರು ಬಿಗಿಯಾಗಿ ಎಳೆದುಕೊಂಡು ಸುತ್ತು ಬರಬೇಕು. ಮೂಲೆಯಲ್ಲಿ ಮಾತ್ರ ಸುತ್ತು ಬೇಡ. ಅಲ್ಲಿ ಸೈಡ್ ಲೈನಿನಿಂದ 90 ಸೆಂಟಿಮೀಟರ್ ಒಳಗೆ ನೇರ ಗೆರೆ. ಹಳೇ ಗೆರೆಯ ಮೇಲೆ ಕೆಮ್ಮಣ್ಣು ಬಳಿಯೋಣ, ಗೊಂದಲ ಆಗೋದು ಬೇಡ.

ಸತ್ಯನಾರಾಯಣಪೇಟೆ ಅಮ್ಮ

ಸುಣ್ಣ ನಮ್ಮ ಮನೆಯಲ್ಲಿ ಒಂದು ಚೀಲ ಉಳಿದಿದೆ, ಕಳಿಸುತ್ತೇನೆ. ಮಗಳೂ ಬರುತ್ತಾಳೆ. ಹೆಣ್ಣುಮಕ್ಕಳಿಗೆ ಗೆರೆ ಬೇರೆ ಹಾಕಬೇಕಾ?

ಬಾಸ್ಕೆಟ್ ಅಕ್ಕ, ಕೊಪ್ಪಳ

ಬೇಡ ಅಮ್ಮಾ, ಗೆರೆ ಎಲ್ಲರಿಗೂ ಅದೇ 6.75. ರಿಂಗ್ ಎತ್ತರವೂ ಅದೇ, 3.05 ಮೀಟರ್. ಬಾಲ್ ಮಾತ್ರ ಸ್ವಲ್ಪ ಸಣ್ಣದು, 6ನೇ ಸೈಜ್. ನಿಮ್ಮ ಕೋರ್ಟಿನಲ್ಲಿ ಇರೋದೆಲ್ಲ 7ನೇ ಸೈಜೇ ಇರಬೇಕು. ನನ್ನ ಹತ್ತಿರ 6ನೆಯದು ಎರಡಿವೆ. ಭಾನುವಾರ ಬೆಳಗಿನ ಮೊದಲ ಬಸ್ಸಿಗೆ ಬರುತ್ತೇನೆ, ಒಂದನ್ನು ಅವಳಿಗೇ ಕೊಟ್ಟುಹೋಗುತ್ತೇನೆ.